12 ಅಡಿ ಅಗಲದ ಮನೆ, ಕೆಳಗೆ ಆಫೀಸು, ಅದರ ಕೆಳಗೆ ಅಂಗಡಿ: ಒಳಾಂಗಣ ಎಲ್ಲಿಂದ ಶುರು ಮಾಡಲಿ?

ಒಂಟಿಕಿಟಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇನ್ನೂ ಕಟ್ಟುತ್ತಿರುವ ಎತ್ತರದ ಕಟ್ಟಡವೊಂದರಲ್ಲಿ ಚಿಕ್ಕ ಮನೆ ನೋಡಿದ್ದೇವೆ. ಒಳಗಿನ ಅಳತೆ 12 ಅಡಿ ಅಗಲ, 27 ಅಡಿ ಉದ್ದ. ಅಂದರೆ 324 ಚದರ ಅಡಿ, ಅಷ್ಟೇ. ಮುಖ್ಯ ಬಾಗಿಲು ಈ ತುದಿಗೆ, ಇರುವ ಒಂದೇ ಕಿಟಕಿ ಆ ತುದಿಗೆ. ಎರಡೂ ಪಕ್ಕ ಬೇರೆಯವರ ಮನೆ. ಬಾಗಿಲು ತೆಗೆದರೆ ಒಂದು ಕಡೆ ಬಾತ್‌ರೂಮ್, ಎದುರಿಗೆ ಅಡುಗೆ ಕಟ್ಟೆ, ಆಮೇಲೆ ಕಿಟಕಿಯವರೆಗೆ ಒಂದೇ ಉದ್ದನೆಯ ಕೋಣೆ. ನೆಲದಿಂದ ಸೀಲಿಂಗ್‌ಗೆ ಒಂಬತ್ತೂವರೆ ಅಡಿ.

ಕಟ್ಟಡ ಹೀಗಿದೆ: ಕೆಳಗಿನ 4 ಮಹಡಿ ಅಂಗಡಿ, ರೆಸ್ಟೋರೆಂಟು. ಅಲ್ಲಿಂದ 14ರವರೆಗೆ ಆಫೀಸು. 15ರಲ್ಲಿ ಯಂತ್ರಗಳು, ಜೊತೆಗೆ ಮನೆಗಳವರಿಗೆ ಒಂದು ಜಿಮ್. 16ರಿಂದ ಮೇಲೆ ಮನೆಗಳು. 16ರಲ್ಲಿ ಒಂದು, 21ರಲ್ಲಿ ಒಂದು ಖಾಲಿ ಇದೆ, ಯಾವುದು ಬೇಕೋ ಆರಿಸಿಕೊಳ್ಳಿ ಎನ್ನುತ್ತಾರೆ. ಎರಡರ ನಕ್ಷೆಯೂ ಒಂದೇ.

ಇರುವವರು ನಾವಿಬ್ಬರು. ಇಬ್ಬರೂ ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತೇವೆ. ಆಗಾಗ ಅಮ್ಮ ಬಂದು ಉಳಿಯುತ್ತಾರೆ. ನನ್ನ ತಲೆಯಲ್ಲಿರುವ ಯೋಚನೆಗಳು ಇವು, ಯಾವುದು ಆಗುತ್ತದೆ ಯಾವುದು ಆಗುವುದಿಲ್ಲ ಹೇಳಿ. ಬಾತ್‌ರೂಮನ್ನು ಕಿಟಕಿಯ ಕಡೆ ತಳ್ಳಿ, ಸ್ನಾನ ಮಾಡುವಾಗ ಬೆಳಕು ಬರುವ ಹಾಗೆ ಮಾಡುವುದು. ಮಲಗಲು ಅಟ್ಟ. ಮತ್ತೆ ಹಾಂಗ್‌ಕಾಂಗ್‌ನ ಆ ಮನೆ ಇದೆಯಲ್ಲ, ಗೋಡೆಗಳೇ ಸರಿಯುತ್ತವಲ್ಲ, ಆ ಥರ ಸೀಲಿಂಗ್‌ನಿಂದ ನೇತು ಹಾಕಿದ ಕಪಾಟು. ಮಹಡಿ ಯಾವುದು ತಗೊಳ್ಳಲಿ ಅನ್ನುವುದೂ ಗೊತ್ತಾಗುತ್ತಿಲ್ಲ. 16 ಆದರೆ ಇಳಿಯುವುದು ಸುಲಭ ಅಂತ ನನಗೆ ಅನಿಸಿತು.

---

ನಕ್ಷೆಪೆನ್ಸಿಲ್:

ಪೀಠೋಪಕರಣದ ಮಾತು ಆಮೇಲೆ. ನಿಮ್ಮ ಮನೆಯಲ್ಲಿ ನೀವು ಬದಲಾಯಿಸಲಾಗದ ಮೂರು ಇವೆ: ಕಿಟಕಿ, ನೀರಿನ ಪೈಪುಗಳು ಮೇಲಿಂದ ಕೆಳಗೆ ಇಳಿಯುವ ಶಾಫ್ಟು, ಮೇಲೆ ಕೆಳಗೆ ಯಾರಿದ್ದಾರೆ ಅನ್ನುವುದು. ಅವುಗಳಿಗೆ ಹೊಂದಿಕೊಂಡು ಉಳಿದದ್ದು. ಚಿಕ್ಕ ಮನೆಯ ವಿಡಿಯೋಗಳಲ್ಲಿ ಈ ಮೂರನ್ನು ಯಾರೂ ತೋರಿಸುವುದಿಲ್ಲ, ಮಡಚುವ ಮೇಜು ಮಾತ್ರ ಕಾಣಿಸುತ್ತದೆ.

ಮೊದಲು ಬೆಳಕು. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಹಗಲಿನ ಬೆಳಕು ಕೆಲಸಕ್ಕೆ ಬರುವಷ್ಟು ಒಳಗೆ ಬರುತ್ತದೆ ಅಂತ ನಾವು ಲೆಕ್ಕ ಹಿಡಿಯುತ್ತೇವೆ. ನಿಮ್ಮ ಕಿಟಕಿಯ ಮೇಲಂಚು 7 ಅಡಿ ಇದ್ದರೆ 14ರಿಂದ 17 ಅಡಿ. ಉಳಿದ 10 ಅಡಿ ಹಗಲಲ್ಲೂ ಮಬ್ಬು. ಈಗ ಬಾತ್‌ರೂಮ್, ಅಡುಗೆ ಕಟ್ಟೆ ಇರುವುದು ಆ ಮಬ್ಬಿನ 10 ಅಡಿಯಲ್ಲೇ. ನಕ್ಷೆ ಹಾಕಿದವರು ಅದನ್ನು ಗೊತ್ತಿದ್ದೇ ಹಾಗಿಟ್ಟಿದ್ದಾರೆ. ಬಾತ್‌ರೂಮನ್ನು ಕಿಟಕಿಗೆ ತಂದರೆ ದಿನಕ್ಕೆ ಅರ್ಧ ಗಂಟೆಯ ಸ್ನಾನಕ್ಕೆ ಬೆಳಕು ಸಿಗುತ್ತದೆ, ದಿನವಿಡೀ ಕೂರುವ ಜಾಗಕ್ಕೆ ಸಿಗುವುದಿಲ್ಲ. ಬೇಡ ಅಲ್ವಾ?

ಕಿಟಕಿ ಇನ್ನೂ ಹಾಕಿಲ್ಲವಾದರೆ ಒಂದು ಕೇಳಿ ನೋಡಿ: ಮೇಲಂಚನ್ನು 8 ಅಡಿಗೆ ಏರಿಸಲು ಆಗುತ್ತದಾ ಅಂತ. ಹೊರಗೋಡೆ ಎಲ್ಲ ಮನೆಗೂ ಒಂದೇ ಥರ ಇರುವುದರಿಂದ ಆಗುವುದಿಲ್ಲ ಅನ್ನುತ್ತಾರೆ, ಆದರೂ ಕೇಳಿ. ಆಗದಿದ್ದರೆ ಕಿಟಕಿಯ ಹತ್ತಿರ ಫಾಲ್ಸ್ ಸೀಲಿಂಗ್ ಮಾತ್ರ ಮಾಡಿಸಬೇಡಿ. ಅದು ಕಿಟಕಿಯ ತಲೆ ಕಡಿದ ಹಾಗೆ.

ಎರಡನೆಯದು ಅಟ್ಟ. ಲೆಕ್ಕ ಹಾಕಿ. ಕೆಳಗೆ ತಲೆ ತಾಗದೆ ಓಡಾಡಲು ಆರೂಮುಕ್ಕಾಲು ಅಡಿ, ಅಟ್ಟದ ಫ್ರೇಮು ಅರ್ಧ ಅಡಿ, ಹಾಸಿಗೆ ಅರ್ಧ ಅಡಿ. ಆಗಲೇ ಏಳೂಮುಕ್ಕಾಲು ಆಯಿತು. ಮೇಲೆ ಉಳಿದದ್ದು ಒಂದೂಮುಕ್ಕಾಲು ಅಡಿ. ಎದ್ದು ಕೂರಲು ಆಗುವುದಿಲ್ಲ, ಮಗ್ಗುಲು ಬದಲಿಸುವಾಗ ಭುಜ ಸೀಲಿಂಗ್‌ಗೆ ತಾಗುತ್ತದೆ. ಬೇಸಿಗೆಯಲ್ಲಿ ಬಿಸಿ ಗಾಳಿಯೆಲ್ಲ ಅಲ್ಲೇ ನಿಂತಿರುತ್ತದೆ. ಬಾತ್‌ರೂಮಿನ ಸೀಲಿಂಗ್ 7 ಅಡಿಗೆ ಇಳಿಸಿ ಅದರ ಮೇಲೆ ಎರಡು ಅಡಿ ಎತ್ತರದ ಸಾಮಾನಿನ ಅಟ್ಟ ಮಾಡಿ. ಸೂಟ್‌ಕೇಸು, ಅಮ್ಮ ಬಂದಾಗ ಬೇಕಾಗುವ ಹಾಸಿಗೆ, ಎಲ್ಲ ಅಲ್ಲಿಗೆ.

ನಿಮ್ಮ 12 ಅಡಿ ನೋಡಿ ನನಗೆ ಬೇರೆ ಒಂದು ಮನೆ ನೆನಪಾಯಿತು. ಫ್ರಾನ್ಸಿನ ಮಾರ್ಸೆಯ್‌ನಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ಕಟ್ಟಿದ ವಸತಿ ಕಟ್ಟಡ ಯೂನಿಟೆ ದಾಬಿಟಾಸಿಯೋಂ, 1952ರಲ್ಲಿ ಮುಗಿದದ್ದು, 337 ಮನೆಗಳು. ಅಲ್ಲಿ ಮನೆಯ ಅಗಲ 3.66 ಮೀಟರ್. ಅಂದರೆ ಸರಿಯಾಗಿ ನಿಮ್ಮ 12 ಅಡಿ! ಅಷ್ಟು ಇಕ್ಕಟ್ಟಿನಲ್ಲೂ ಅಲ್ಲಿ ಉಸಿರುಗಟ್ಟದೆ ಇರುವುದಕ್ಕೆ ಕಾರಣ ಎರಡು. ಮನೆ ಕಟ್ಟಡದ ಈ ಮುಖದಿಂದ ಆ ಮುಖದವರೆಗೆ ಹಾದು ಹೋಗುತ್ತದೆ, ಹಾಗಾಗಿ ಎರಡೂ ತುದಿಗೆ ಕಿಟಕಿ. ಮತ್ತೆ ಹಾಲ್ ಎರಡು ಮಹಡಿಯ ಎತ್ತರ, ಸುಮಾರು 4.8 ಮೀಟರ್. ಉಳಿದ ಕಡೆ 2.26 ಮೀಟರ್ ಮಾತ್ರ. ಎತ್ತರವನ್ನು ಎಲ್ಲ ಕಡೆ ಸಮನಾಗಿ ಹಂಚದೆ ಬೇಕಾದಲ್ಲಿ ಸುರಿದಿದ್ದಾರೆ. ನಿಮಗೆ ಎರಡು ಮಹಡಿ ಸಿಗುವುದಿಲ್ಲ. ಆದರೆ ಬಾಗಿಲ ಕಡೆ 7 ಅಡಿ, ಒಳಗೆ ಬಂದ ಮೇಲೆ ಒಂಬತ್ತೂವರೆ ಅನ್ನುವ ವ್ಯತ್ಯಾಸ ಮಾಡಬಹುದು. ಕೋಣೆ ನಿಜಕ್ಕಿಂತ ದೊಡ್ಡದು ಅನಿಸುತ್ತದೆ, ದುಡ್ಡೂ ಜಾಸ್ತಿ ಬೇಡ.

ಇನ್ನು ಅಡುಗೆ ಜಾಗ. ಬಾತ್‌ರೂಮ್ 5 ಅಡಿ, ಗೋಡೆ ಅರ್ಧ ಅಡಿ, ಕಟ್ಟೆ 2 ಅಡಿ ಹೋದರೆ ನಡುವೆ ನಾಲ್ಕೂವರೆ ಅಡಿ ಉಳಿಯುತ್ತದೆ. ಓಡಾಡಲು 3 ಅಡಿ ಸಾಕು. ಬಾತ್‌ರೂಮಿನ ಗೋಡೆಗೆ ಒಂದೂವರೆ ಅಡಿ ಆಳದ ಕಪಾಟು ಹಚ್ಚಿಬಿಡಿ. ಹ್ಯಾಂಗರ್‌ಗೆ ನೇತು ಹಾಕುವ ಬಟ್ಟೆಗೆ 2 ಅಡಿ ಆಳ ಬೇಕು, ಇದರಲ್ಲಿ ಹಿಡಿಸುವುದಿಲ್ಲ. ಮಡಚಿಟ್ಟ ಬಟ್ಟೆ, ಪಾತ್ರೆ, ಪುಸ್ತಕ, ದಿನಸಿಗೆ ಒಂದೂವರೆ ಧಾರಾಳ. 1926ರಲ್ಲಿ ಜರ್ಮನಿಯಲ್ಲಿ ಬಂದ ಫ್ರಾಂಕ್‌ಫರ್ಟ್ ಅಡುಗೆಮನೆ 1.9 ಮೀಟರ್‌ಗೆ 3.4 ಮೀಟರ್ ಇತ್ತು. ಅದನ್ನು ಮಾಡಿದ ವಾಸ್ತುಶಿಲ್ಪಿ ಮಾರ್ಗರೆಟ್ ಶುಟೆ ಲಿಹೊಟ್ಸ್ಕಿ ಅಡುಗೆ ಮಾಡುವವರು ಎಷ್ಟು ಹೆಜ್ಜೆ ಹಾಕುತ್ತಾರೆ, ಏನಕ್ಕೆ ಕೈ ಚಾಚುತ್ತಾರೆ ಅಂತ ಅಳೆದು ಪ್ರತಿಯೊಂದಕ್ಕೂ ಜಾಗ ಕೊಟ್ಟರು. ಸುಮಾರು 10,000 ಮನೆಗಳಲ್ಲಿ ಅದು ಬಂತು. ಅವರು ಮೊದಲು ಅಳೆದದ್ದು ಕೆಲಸವನ್ನು, ಕಪಾಟು ಆಮೇಲೆ ಬಂತು. ನೀವೂ ಈಗಿರುವ ಮನೆಯಲ್ಲಿ ನಿಮ್ಮ ಸಾಮಾನುಗಳನ್ನು ಅಳೆದು ನೋಡಿ, ಎಷ್ಟು ಉದ್ದದ ಶೆಲ್ಫು ಬೇಕು ಅಂತ. ಬಹಳ ಜನ ಇದನ್ನು ಮಾಡದೆ ಸುಮ್ನೆ ಗೋಡೆ ತುಂಬ ಕಪಾಟು ಮಾಡಿಸುತ್ತಾರೆ.

---

ಕಾಲಂಬೀಮು:

ನಾನು ಸ್ಟ್ರಕ್ಚರ್ ಕಡೆಯವನು. ಆ ಸರಿಯುವ ಗೋಡೆಯ ಬಗ್ಗೆ ಮಾತ್ರ ಹೇಳುತ್ತೇನೆ.

ನೀವು ಹೇಳಿದ ಹಾಂಗ್‌ಕಾಂಗ್ ಮನೆ ವಾಸ್ತುಶಿಲ್ಪಿ ಗ್ಯಾರಿ ಚಾಂಗ್ ಅವರದ್ದು, 32 ಚದರ ಮೀಟರ್, ನಿಮ್ಮದಕ್ಕಿಂತ ಒಂದು ಚೂರು ದೊಡ್ಡದು. 24 ಥರ ಜೋಡಿಸಬಹುದು ಅನ್ನುತ್ತಾರೆ. ಅಲ್ಲಿ ಕಪಾಟಿನ ಗೋಡೆಗಳು ಸೀಲಿಂಗ್‌ಗೆ ಹಾಕಿದ ಉಕ್ಕಿನ ಹಳಿಯಿಂದ ನೇತಾಡುತ್ತವೆ. ನಿಮ್ಮ ಕಟ್ಟಡದಲ್ಲಿ ಹಾಗೆ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಸ್ಲ್ಯಾಬು ಪೋಸ್ಟ್ ಟೆನ್ಶನ್ ಮಾಡಿದ್ದಾ? ಹೊಸ ಎತ್ತರದ ಕಟ್ಟಡಗಳಲ್ಲಿ ಇದು ಸಾಮಾನ್ಯ. ಕಾಂಕ್ರೀಟಿನ ಒಳಗೆ ಬಲವಾಗಿ ಎಳೆದು ಬಿಗಿದ ಉಕ್ಕಿನ ಕೇಬಲ್ ಇರುತ್ತವೆ. ಅವು ಎಲ್ಲ ಕಡೆ ಒಂದೇ ಆಳದಲ್ಲಿ ಇರುವುದಿಲ್ಲ. ಕಾಲಂ ಹತ್ತಿರ ಮೇಲೆ, ಕೋಣೆಯ ನಡುವೆ ಕೆಳಗೆ, ಅಂದರೆ ನಿಮ್ಮ ಸೀಲಿಂಗ್‌ಗೆ ತೀರಾ ಹತ್ತಿರ. ಡ್ರಿಲ್ಲು ಅದಕ್ಕೆ ತಾಗಿ ಕೇಬಲ್ ಕಡಿದರೆ ಡ್ರಿಲ್ಲು ಹಿಡಿದವನಿಗೂ ಅಪಾಯ, ಸ್ಲ್ಯಾಬಿನ ಬಲಕ್ಕೂ ಏಟು. ಕೇಬಲ್ ನಕ್ಷೆ ಕೈಯಲ್ಲಿ ಹಿಡಿಯದೆ, ಸ್ಕ್ಯಾನ್ ಮಾಡಿಸದೆ, ಕಟ್ಟಡದ ಇಂಜಿನಿಯರ್ ಬರೆದು ಕೊಡದೆ ಸೀಲಿಂಗ್‌ಗೆ ಭಾರದ ಬೋಲ್ಟ್ ಹೊಡೆಯಬೇಡಿ. ಫ್ಯಾನಿನ ಹುಕ್ಕು ಬೇರೆ, ಅದನ್ನು ಕಾಂಕ್ರೀಟ್ ಹಾಕುವಾಗಲೇ ಬಿಟ್ಟಿರುತ್ತಾರೆ.

ಪುಸ್ತಕ ತುಂಬಿದ ಕಪಾಟು ಎಷ್ಟು ತೂಗುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ಒಬ್ಬರೇ ಎತ್ತಲಾರದ ಭಾರವನ್ನು ಎರಡು ಹಳಿಯ ಮೇಲೆ ಬಿಟ್ಟು, ದಿನಾ ಆಚೆ ಈಚೆ ತಳ್ಳುವುದು. ಸರಿಸಲೇಬೇಕು ಅಂದರೆ ಭಾರ ನೆಲದ ಮೇಲೆ ಇರಲಿ. ಕೆಳಗೆ ಚಕ್ರ, ಮೇಲೆ ಬೀಳದಂತೆ ಹಿಡಿಯಲು ಒಂದು ಹಗುರ ಗೈಡು.

ಒಳಗೋಡೆಗಳ ವಿಷಯವೂ ಅಷ್ಟೇ. ಅಲ್ಯೂಮಿನಿಯಂ ಶಟರಿಂಗ್‌ನಲ್ಲಿ, ಅಂದರೆ ಕಾಂಕ್ರೀಟ್ ಸುರಿಯುವ ಲೋಹದ ಅಚ್ಚಿನಲ್ಲಿ, ಕಟ್ಟಿದ್ದರೆ ಒಳಗಿನ ತೆಳು ಗೋಡೆಯೂ ಕಾಂಕ್ರೀಟೇ, ಅದೂ ಭಾರ ಹೊರುತ್ತಿರುತ್ತದೆ. ಕೆಡವುವುದು ಇರಲಿ, ವೈರ್ ಎಳೆಯಲು ಗೋಡೆ ಕೊರೆಯುವುದಕ್ಕೂ ಬಿಡುವುದಿಲ್ಲ. ಸ್ವಿಚ್ ಎಲ್ಲಿ ಬೇಕು ಅನ್ನುವುದನ್ನು ಕಾಂಕ್ರೀಟ್ ಹಾಕುವ ಮೊದಲೇ ಹೇಳಿರಬೇಕು. ಅದೇ ಗೋಡೆ ಎಎಸಿ ಬ್ಲಾಕಿನದ್ದಾದರೆ, ಅಂದರೆ ಒಳಗೆಲ್ಲ ಸಣ್ಣ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್ ಬ್ಲಾಕಿನದ್ದಾದರೆ, ತೊಂದರೆ ಉಲ್ಟಾ: ಕೆಡವಬಹುದು, ಆದರೆ ಮಡಚುವ ಮಂಚದಂಥ ಎಳೆತವನ್ನು ಮಾಮೂಲಿ ಸ್ಕ್ರೂ ತಡೆಯುವುದಿಲ್ಲ, ಪುಡಿ ಪುಡಿಯಾಗಿ ಕಿತ್ತು ಬರುತ್ತದೆ.

16ನೇ ಮಹಡಿಯ ಬಗ್ಗೆ: ಆಫೀಸಿಗೆ ಕಾಲಂಗಳು ದೂರ ದೂರ ಬೇಕು, ಮನೆಗೆ ಹತ್ತಿರ ಹತ್ತಿರ ಇದ್ದರೂ ನಡೆಯುತ್ತದೆ. ಒಂದರ ಮೇಲೆ ಒಂದು ಕೂರುವುದಿಲ್ಲವಾದ್ದರಿಂದ ನಡುವೆ ಒಂದು ಮಹಡಿಯಲ್ಲಿ ದೈತ್ಯ ಬೀಮುಗಳನ್ನು ಹಾಕಿ ಮೇಲಿನ ಭಾರವನ್ನು ಬೇರೆ ಕಾಲಂಗಳಿಗೆ ದಾಟಿಸುತ್ತಾರೆ. ನಿಮ್ಮ 15 ಅಂಥದ್ದೇ ಇರಬೇಕು, ಯಂತ್ರಗಳನ್ನೂ ಅದಕ್ಕೇ ಅಲ್ಲಿಟ್ಟಿರುತ್ತಾರೆ, ಹೇಗೂ ಆ ಮಹಡಿ ಬೀಮುಗಳಿಂದ ತುಂಬಿರುತ್ತದೆ. ದಪ್ಪ ಕಾಂಕ್ರೀಟ್ ಇರುವುದರಿಂದ ಮಾತು, ಹಾಡು ಮೇಲೆ ಬರುವುದಿಲ್ಲ. ಆದರೆ ಪಂಪಿನ ನಡುಕ ಬೇರೆ ಕಥೆ. ಅದು ಕಾಂಕ್ರೀಟಿನಲ್ಲೇ ಹರಿದು ಬರುತ್ತದೆ.

---

ಮಡಚುಮಂಚ:

ನಾವು ಇಂಥದ್ದೇ ಮನೆಯಲ್ಲಿದ್ದೇವೆ, ನಿಮ್ಮದಕ್ಕಿಂತ ಸ್ವಲ್ಪ ಅಗಲ. ಮಡಚುವುದನ್ನೆಲ್ಲ ಬೈಯುವವರ ಜೊತೆ ನಾನಿಲ್ಲ, ಆದರೆ ಒಂದು ಷರತ್ತು. ಯಾವುದನ್ನಾದರೂ ಮಡಚುವ ಮೊದಲು ಅದರ ಮೇಲಿನದ್ದನ್ನು ಎತ್ತಿಡಬೇಕು ಅಂತಾದರೆ ಸ್ವಲ್ಪ ದಿನಕ್ಕೇ ಅದು ಬಿಚ್ಚಿದಲ್ಲೇ ಉಳಿಯುತ್ತದೆ. ಮಂಚ ಮಡಚುತ್ತೇವೆ, ಯಾಕೆಂದರೆ ಹೊದಿಕೆ ಸಮೇತ ಬೆಲ್ಟು ಕಟ್ಟಿ ಮೇಲೆತ್ತಿದರೆ ಮುಗಿಯಿತು. ಗೋಡೆಗೆ ಮಡಚುವ ಕೆಲಸದ ಮೇಜು ಇತ್ತು, ಅದನ್ನು ಯಾರೂ ಮಡಚಲಿಲ್ಲ. ಲ್ಯಾಪ್‌ಟಾಪು, ಚಾರ್ಜರು, ನೀರಿನ ಬಾಟಲಿ, ಅರ್ಧ ಬರೆದ ಕಾಗದ. ಇದನ್ನೆಲ್ಲ ದಿನಾ ಸಂಜೆ ಎಲ್ಲಿಗೆ ಒಯ್ಯುವುದು? ಈಗ ಅಲ್ಲಿ ಒಂದೂವರೆ ಅಡಿ ಆಳದ, ಮಡಚದ ಮೇಜಿದೆ. ಯಾವ ಜಗಳವೂ ಇಲ್ಲ.

ಮಂಚದ ಅಳತೆ ಹೇಳುತ್ತೇನೆ, ಅಂಗಡಿಯಲ್ಲಿ ಇದನ್ನು ಹೇಳುವುದಿಲ್ಲ. ಮಡಚಿದಾಗ 16ರಿಂದ 18 ಇಂಚು ಆಳ. ಬಿಚ್ಚಿದಾಗ ಗೋಡೆಯಿಂದ ಸುಮಾರು 7 ಅಡಿ ಮುಂದೆ ಬರುತ್ತದೆ. ನಿಮ್ಮ 12 ಅಡಿಯಲ್ಲಿ ಉಳಿಯುವುದು 5. ಎದುರು ಗೋಡೆಗೆ ಒಂದೂವರೆ ಅಡಿಯ ಮೇಜು ಇಟ್ಟರೂ ಮಂಚದ ಕಾಲ ಬುಡದಲ್ಲಿ ಮೂರೂವರೆ ಅಡಿ ದಾರಿ ಇರುತ್ತದೆ. ಚೆನ್ನಾಗಿದೆ. ಒಬ್ಬರು ಮಲಗಿದ್ದರೂ ಇನ್ನೊಬ್ಬರು ಕೆಲಸ ಮುಂದುವರಿಸಬಹುದು. ಎತ್ತುವ ಸ್ಪ್ರಿಂಗು ಅಥವಾ ಗ್ಯಾಸ್ ಪಿಸ್ಟನ್ನು ಹಾಸಿಗೆಯ ತೂಕಕ್ಕೆ ಹೊಂದಿಸಿದ್ದಾಗಿರಬೇಕು. ಆಮೇಲೆ ಹಾಸಿಗೆ ಬದಲಾಯಿಸಿದರೆ ಅದನ್ನೂ ಹೊಂದಿಸಬೇಕು, ಇಲ್ಲದಿದ್ದರೆ ಮಂಚ ಅರ್ಧಕ್ಕೆ ನಿಲ್ಲುತ್ತದೆ ಅಥವಾ ಧಡ್ ಅಂತ ಬೀಳುತ್ತದೆ. ಫ್ರೇಮನ್ನು ಗೋಡೆಗೆ ಮಾತ್ರ ಅಲ್ಲ, ನೆಲಕ್ಕೂ ಬೋಲ್ಟ್ ಮಾಡಿಸಿ. ಕಾಲಂಬೀಮು ಸರ್ ಹೇಳಿದ ಪುಡಿಯಾಗುವ ಬ್ಲಾಕು ನಮ್ಮಲ್ಲೂ ಇದೆ, ನಾವು ನೆಲಕ್ಕೇ ಹಿಡಿಸಿದ್ದೇವೆ. ನೆಲದ ಸ್ಲ್ಯಾಬಿನಲ್ಲೂ ಕೇಬಲ್ ಇರಬಹುದು, ಅದನ್ನೂ ಕೇಳಿಯೇ ಕೊರೆಯಿರಿ.

ಅಮ್ಮ ಬಂದಾಗ ಏನು ಅನ್ನುವುದಕ್ಕೆ ಮಂಚಕ್ಕಿಂತ ಮುಖ್ಯ ಮರೆ. ಇಡೀ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಲು ಆಗುವುದು ಬಾತ್‌ರೂಮ್ ಒಂದಕ್ಕೇ. ನಾವು ಹಾಲಿನ ನಡುವೆ ಗೋಡೆಯಿಂದ ಗೋಡೆಗೆ ದಪ್ಪ ಪರದೆ ಹಾಕಿದ್ದೇವೆ. ಬೆಳಕು ತಡೆಯುತ್ತದೆ, ಮಾತು ತಡೆಯುವುದಿಲ್ಲ. ಇಬ್ಬರಿಗೂ ಒಂದೇ ಹೊತ್ತಿಗೆ ಮೀಟಿಂಗ್ ಬಂದರೆ ಪರದೆ ದಂಡ. ನೀವು ಗಾಜಿನ ಸರಿಯುವ ಬಾಗಿಲೇ ಹಾಕಿಸಿ, ಒಳಗಿನವರಿಗೂ ಬೆಳಕು ಹೋಗಲಿ, ಮರೆ ಬೇಕಾದಾಗ ಗಾಜಿಗೊಂದು ಪರದೆ ಇರಲಿ.

---

ನಕ್ಷೆಪೆನ್ಸಿಲ್:

ಒಪ್ಪಿದೆ. ಸರಿಯುವ ಗೋಡೆ ಹೊಸದೇನಲ್ಲ. ನೆದರ್‌ಲ್ಯಾಂಡ್ಸಿನ ಯುಟ್ರೆಕ್ಟ್‌ನಲ್ಲಿ 1924ರಲ್ಲಿ ವಾಸ್ತುಶಿಲ್ಪಿ ರೀಟ್‌ವೆಲ್ಡ್ ಕಟ್ಟಿದ ಶ್ರೋಡರ್ ಮನೆಯ ಮೇಲಿನ ಮಹಡಿ ಹಗಲು ಒಂದೇ ಕೋಣೆ, ರಾತ್ರಿ ಹಲಗೆ ಎಳೆದರೆ ಬೇರೆ ಬೇರೆ ಕೋಣೆ. ಅದನ್ನು ಕಟ್ಟಿಸಿದ ಟ್ರೂಸ್ ಶ್ರೋಡರ್ ಮಕ್ಕಳ ಜೊತೆ ಅಲ್ಲಿ ವಾಸ ಮಾಡಿದರು, ತೋರಿಕೆಗೆ ಕಟ್ಟಿದ್ದಲ್ಲ. ಆ ಹಲಗೆಗಳಲ್ಲಿ ಸಾಮಾನು ಇಲ್ಲ ಅನ್ನುವುದನ್ನು ಗಮನಿಸಿ. ಹಗುರ, ಅದಕ್ಕೇ ಎಳೆಯಬಹುದು.

---

ದುಂಡುಕಿಟಕಿ:

ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಟೋಕಿಯೋದ ನಕಗಿನ್ ಕ್ಯಾಪ್ಸೂಲ್ ಟವರ್‌ನಲ್ಲಿ ಹತ್ತು ಚದರ ಮೀಟರ್ ಗೂಡಿನಲ್ಲಿ ಹಾಸಿಗೆ, ಮೇಜು, ಬಾತ್‌ರೂಮ್, ಟೀವಿ ಎಲ್ಲ ಫ್ಯಾಕ್ಟರಿಯಲ್ಲೇ ಕೂರಿಸಿ ತಂದು ಬೋಲ್ಟ್ ಹಾಕಿದ್ದರು. 1972ರಲ್ಲೇ. ಅಂಥ ರೆಡಿಮೇಡ್ ಪಾಡ್ ಒಂದು ತಂದು ಇಟ್ಟುಬಿಡಿ.

---

ಪೈಪುಶಾಫ್ಟು:

ದುಂಡುಕಿಟಕಿ ಅವರೇ, ಅದೇ ಕಟ್ಟಡವನ್ನು 2022ರಲ್ಲಿ ಬಿಚ್ಚಿ ಹಾಕಿದರು. ಅದರ ವಾಸ್ತುಶಿಲ್ಪಿ ಕುರೊಕಾವಾ ಅವರ ಯೋಚನೆ 25 ವರ್ಷಕ್ಕೊಮ್ಮೆ ಕ್ಯಾಪ್ಸೂಲ್ ಬದಲಾಯಿಸುವುದು ಅಂತಿತ್ತು. 140ರಲ್ಲಿ ಒಂದನ್ನೂ ಬದಲಾಯಿಸಲಿಲ್ಲ. ಒಂದೊಂದು ಗೂಡನ್ನೂ ನಾಲ್ಕು ಬೋಲ್ಟಿನಲ್ಲಿ ಹಿಡಿಸಿದ್ದರು, ಹೇಳುವುದಕ್ಕೆ ಸುಲಭ. ಆದರೆ ಒಂದರ ಮೇಲೊಂದು ಅಂಟಿಕೊಂಡಂತೆ ಇದ್ದವು, ಪೈಪುಗಳು ಸಂದಿಯಲ್ಲಿ. ಕೈ ಹೋಗದ ಜಾಗದಲ್ಲಿ ಪೈಪು ಸೋರಿದರೆ ಯಾರು ರಿಪೇರಿ ಮಾಡುತ್ತಾರೆ? ಕೊನೆಗೆ ಬಿಸಿನೀರೇ ನಿಂತುಹೋಗಿತ್ತು. ನನ್ನ ಕಣ್ಣಿಗೆ ಅದು ಚಿಕ್ಕ ಮನೆಯ ಮಾದರಿಗಿಂತ ಪೈಪಿಗೆ ಜಾಗ ಬಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮಾದರಿ.

ಈಗ ಒಂಟಿಕಿಟಕಿ ಅವರಿಗೆ. ಬಾತ್‌ರೂಮ್ ಕಿಟಕಿಯ ಕಡೆ ತಳ್ಳುವ ಮಾತು ಬೆಳಕಿಗೆ ಮೊದಲು ಕಮೋಡಿನಲ್ಲೇ ನಿಲ್ಲುತ್ತದೆ. ಶಾಫ್ಟು ಬಾಗಿಲ ಹತ್ತಿರ ಇದೆ. ನೀವು ಹೇಳುವ ಜಾಗ ಅಲ್ಲಿಂದ 6 ಮೀಟರ್ ಆದರೂ ಆಗುತ್ತದೆ. ಮಲದ ಪೈಪಿಗೆ 40ಕ್ಕೆ 1 ಇಳಿಜಾರು ಕೊಟ್ಟರೆ 15 ಸೆಂಟಿಮೀಟರ್ ಇಳಿಯಬೇಕು, ಪೈಪು 11 ಸೆಂಟಿಮೀಟರ್, ಮೇಲೆ ಮುಚ್ಚಿ ಟೈಲ್ಸ್ ಹಾಕಬೇಕು. ಮನೆಯ ಉದ್ದಕ್ಕೂ ಸುಮಾರು 1 ಅಡಿ ಎತ್ತರದ ದಿಬ್ಬ ಆಗುತ್ತದೆ. ಅದಕ್ಕಿಂತ ಮುಖ್ಯ, ಆ ಬಾತ್‌ರೂಮ್ ಕೆಳಗಿನ ಮನೆಯವರು ಮಲಗುವ ಜಾಗದ ಮೇಲೆ ಬರುತ್ತದೆ. ಸೋರಿದ ದಿನ ಅವರು ನಿಮ್ಮ ಬಾಗಿಲು ತಟ್ಟುತ್ತಾರೆ. ಶಾಫ್ಟಿಗೆ ಇರುವ ಬಾಗಿಲಿನ ಮುಂದೆ ಕಪಾಟು ಮಾಡಿಸಬೇಡಿ, ಮಾಡಿಸಿದರೂ ಹಿಂಬದಿ ಹಲಗೆ ಸ್ಕ್ರೂ ಬಿಚ್ಚಿ ತೆಗೆಯುವ ಹಾಗಿರಲಿ.

ಮಹಡಿ: 21. ಯೋಚನೆಯೇ ಬೇಡ. ಕಾಲಂಬೀಮು ಅವರು ನಡುಕದ ವಿಷಯ ಹೇಳಿದರು, ನಾನು ಎರಡು ಸೇರಿಸುತ್ತೇನೆ. ಪಂಪು, ಏಸಿಗೆ ನೀರು ತಣಿಸುವ ಚಿಲ್ಲರ್‌ಗಳ ಕೆಳಗೆ ಸ್ಪ್ರಿಂಗು ಹಾಕಿರುತ್ತಾರೆ, ಅದರ ಜೊತೆ ಪೈಪಿನ ಹಿಡಿಕೆಗಳಿಗೂ ರಬ್ಬರ್ ಇರಬೇಕು. ಪೈಪನ್ನು ಸೀದಾ ಸ್ಲ್ಯಾಬಿಗೆ ಬಿಗಿದರೆ ಸ್ಪ್ರಿಂಗು ಇದ್ದೂ ದಂಡ, ನಡುಕ ಪೈಪಿನ ಮೂಲಕ ಬಂದುಬಿಡುತ್ತದೆ. ರಾತ್ರಿ ಎಲ್ಲ ಸುಮ್ಮನಾದ ಮೇಲೆ ದಿಂಬಿಗೆ ಕಿವಿ ಇಟ್ಟರೆ ಒಂದೇ ಶ್ರುತಿಯ ಗುಂಯ್ ಅನ್ನುವ ಸದ್ದು. ಇದನ್ನು ನಿಮ್ಮ ಕಡೆಯಿಂದ ಸರಿ ಮಾಡಲು ಆಗುವುದಿಲ್ಲ. ಇನ್ನು ಜಿಮ್. ಭಾರ ಎತ್ತಿ ನೆಲಕ್ಕೆ ಬಿಡುವ ಸದ್ದು ಕಟ್ಟಡದ ಎಲುಬಿನಲ್ಲಿ ಓಡುತ್ತದೆ, ಮೇಲಿನ ಒಂದೆರಡು ಮಹಡಿಗೂ ಹೋಗುತ್ತದೆ. ಅದಕ್ಕೆ ಮದ್ದು ಜಿಮ್ಮಿನ ನೆಲದಲ್ಲೇ, ರಬ್ಬರ್ ಮೇಲೆ ತೇಲುವ ಇನ್ನೊಂದು ನೆಲ ಹಾಕುವುದು. ನಿಮ್ಮ ಮನೆಯಲ್ಲಿ ಎಷ್ಟು ಕಾರ್ಪೆಟ್ ಹಾಸಿದರೂ ಪ್ರಯೋಜನ ಇಲ್ಲ.

ವಾಸನೆ ಎಲ್ಲರೂ ಮರೆಯುವ ವಿಷಯ. ಎತ್ತರದ ಕಟ್ಟಡದ ಲಿಫ್ಟ್ ಶಾಫ್ಟು, ಮೆಟ್ಟಿಲ ಗೂಡು ಚಿಮಣಿ ಇದ್ದ ಹಾಗೆ. ಹೊರಗೆ ಚಳಿ, ಒಳಗೆ ಬೆಚ್ಚಗಿದ್ದರೆ ಗಾಳಿ ಮೇಲೇರುತ್ತದೆ. ಹೊರಗೆ ಸೆಕೆ, ಒಳಗೆ ಏಸಿ ತಂಪು ಇದ್ದರೆ ಉಲ್ಟಾ, ಕೆಳಗಿಳಿಯುತ್ತದೆ. ಮೇಲೇರುವ ದಿನಗಳಲ್ಲಿ ರೆಸ್ಟೋರೆಂಟಿನ ಹೊಗೆ, ಪಾರ್ಕಿಂಗಿನ ಗಾಳಿ ಮನೆಗಳ ಮಹಡಿಗೆ ಬರಬಹುದು. ಆದ್ದರಿಂದ ಮೂರು ಕೇಳಿ. ಮನೆಗಳಿಗೆ ಲಿಫ್ಟು ಬೇರೆಯಾ? ಲಿಫ್ಟಿನ ಮುಂದಿನ ಜಾಗಕ್ಕೆ ಬಾಗಿಲು ಇದೆಯಾ? ರೆಸ್ಟೋರೆಂಟಿನ ಹೊಗೆ ಕೊಳವೆ ಎಲ್ಲಿ ಬಾಯಿ ಬಿಡುತ್ತದೆ? ಅದು 4ನೇ ಮಹಡಿಯ ಪಕ್ಕದಲ್ಲಿ, ನಿಮ್ಮ ಕಿಟಕಿಯ ಮುಖದಲ್ಲೇ ತೆರೆದುಕೊಂಡರೆ ಕಷ್ಟ.

ಲಿಫ್ಟು ಅಂದಾಗ ಒಂದು ಮಾತು. ಆಫೀಸು ಕೆಳಗೆ, ಮನೆ ಮೇಲೆ ಇಡುವುದಕ್ಕೆ ಕಾರಣ ಇದೆ. ಆಫೀಸಿನವರು ಎಲ್ಲರೂ ಒಂದೇ ಹೊತ್ತಿಗೆ ಬರುತ್ತಾರೆ, ಅವರಿಗೆ ಲಿಫ್ಟು ಜಾಸ್ತಿ ಬೇಕು. ಅವರನ್ನು ಕೆಳಗೇ ಇಳಿಸಿಬಿಟ್ಟರೆ ಆ ಶಾಫ್ಟುಗಳು ಅಲ್ಲಿಗೇ ನಿಲ್ಲುತ್ತವೆ, ಮೇಲೆ ಮನೆಗಳಿಗೆ ಜಾಗ ಉಳಿಯುತ್ತದೆ. ಶಿಕಾಗೋದಲ್ಲಿ 2018ರವರೆಗೆ ಜಾನ್ ಹ್ಯಾನ್‌ಕಾಕ್ ಸೆಂಟರ್ ಅಂತ ಹೆಸರಿದ್ದ ಕಟ್ಟಡವೂ ಹೀಗೇ, ಕೆಳಗೆ ಆಫೀಸು, ಮೇಲೆ ಮನೆ. 1969ರದ್ದು, 100 ಮಹಡಿ. ಮೇಲೆ ಹೋಗುತ್ತಾ ಸಣ್ಣಗಾಗುತ್ತದೆ, ಬುಡದಲ್ಲಿ ಸುಮಾರು 80 ಮೀಟರ್ ಉದ್ದ, ತುದಿಯಲ್ಲಿ ಸುಮಾರು 50. ಗಾಳಿಯ ತಳ್ಳುವಿಕೆಗೂ ಅದು ಒಳ್ಳೆಯದು. ಜೊತೆಗೆ ಆಫೀಸು ಆಳವಾಗಿದ್ದರೂ ದೀಪ ಹಾಕಿ ನಡೆಯುತ್ತದೆ, ಮನೆಗೆ ಕಿಟಕಿ ಹತ್ತಿರ ಬೇಕು. ಅಲ್ಲಿ ಮನೆಯವರು 44ನೇ ಮಹಡಿಯಲ್ಲಿ ಇಳಿದು ಬೇರೆ ಲಿಫ್ಟು ಹತ್ತುತ್ತಾರೆ, ಈಜುಕೊಳ ಕೂಡ ಅದೇ ಮಹಡಿಯಲ್ಲಿ ಇಟ್ಟಿದ್ದಾರೆ. ಹಾಗಾಗಿ 16 ಆದರೆ ಇಳಿಯುವುದು ಸುಲಭ ಅನ್ನುವುದರಲ್ಲಿ ಹುರುಳಿಲ್ಲ. ಮನೆಗಳ ಲಿಫ್ಟು ನಡುವೆ ಎಲ್ಲೂ ನಿಲ್ಲದಿದ್ದರೆ 16ಕ್ಕೂ 21ಕ್ಕೂ ಕೆಲವು ಸೆಕೆಂಡ್ ವ್ಯತ್ಯಾಸ.

---

ಒಂಟಿಕಿಟಕಿ:

ತುಂಬಾ ಉಪಕಾರ ಆಯಿತು. 21 ಅಂತ ತೀರ್ಮಾನ ಮಾಡಿದೆವು. ಬಾತ್‌ರೂಮ್ ಇದ್ದಲ್ಲೇ ಇರುತ್ತದೆ, ಅಟ್ಟ ಸಾಮಾನಿಗೆ ಮಾತ್ರ. ಸ್ಲ್ಯಾಬು ಪೋಸ್ಟ್ ಟೆನ್ಶನ್ನೇ ಅಂತೆ, ಕೇಳಿದೆ. ನೇತಾಡುವ ಕಪಾಟಿನ ಆಸೆ ಬಿಟ್ಟೆ. ಮಡಚುವ ಮಂಚ, ಮಡಚದ ಮೇಜು, ನಡುವೆ ಗಾಜಿನ ಬಾಗಿಲು.

ಇನ್ನೊಂದೇ ಪ್ರಶ್ನೆ. ನಕ್ಷೆಪೆನ್ಸಿಲ್ ಹೇಳಿದ ಒಂದೂವರೆ ಅಡಿಯ ಕಪಾಟನ್ನು ಬಾತ್‌ರೂಮ್ ಗೋಡೆಯ ಉದ್ದಕ್ಕೂ, ಸೀಲಿಂಗ್‌ವರೆಗೂ ಮಾಡಿಸಬಹುದಾ? ಜಾಗ ಎಷ್ಟು ಸಿಕ್ಕರೂ ಸಾಲದು ಅನಿಸುತ್ತಿದೆ.

---

ಪೈಪುಶಾಫ್ಟು:

ಉದ್ದಕ್ಕೂ ಬೇಡ. ಸೀಲಿಂಗ್‌ವರೆಗಂತೂ, ಬೆಂಕಿ ಹತ್ತಿದರೆ ನೀರು ಚಿಮ್ಮುವ ಸ್ಪ್ರಿಂಕ್ಲರ್ ಎಲ್ಲಿದೆ ನೋಡದೆ ಬೇಡವೇ ಬೇಡ. ಸ್ಪ್ರಿಂಕ್ಲರ್ ತಲೆಯ ಕೆಳಗೆ ಒಂದೂವರೆ ಅಡಿ, ಅಂದರೆ 45 ಸೆಂಟಿಮೀಟರ್, ಖಾಲಿ ಇರಬೇಕು, ನೀರು ಹರಡಿ ಬೀಳಲು. ಫಾಲ್ಸ್ ಸೀಲಿಂಗ್ ಇಳಿಸಿದರೆ ಸ್ಪ್ರಿಂಕ್ಲರನ್ನೂ ಇಳಿಸಬೇಕು. ಅದು ಬಡಗಿಯ ಕೆಲಸ ಅಲ್ಲ, ಕಟ್ಟಡದವರೇ ಲೈನು ಖಾಲಿ ಮಾಡಿ ಮಾಡಿಸಬೇಕು.

ಉದ್ದಕ್ಕೂ ಯಾಕೆ ಬೇಡ ಅಂದರೆ ಒಲೆ. ನಿಮ್ಮ ಮನೆಯಿಂದ ಹೊರಗೆ ಹೋಗಲು ಇರುವುದು ಒಂದೇ ದಾರಿ, ಅದು ಒಲೆಯ ಮುಂದೆ ಹಾದು ಹೋಗುತ್ತದೆ. ಎಣ್ಣೆಗೆ ಬೆಂಕಿ ಹತ್ತಿಕೊಂಡರೆ ಒಳಗೆ ಮಲಗಿದ್ದವರು ಅದನ್ನು ದಾಟಿಕೊಂಡೇ ಬರಬೇಕು. ಅಲ್ಲಿ ದಾರಿ 3 ಅಡಿಗೆ ಇಳಿಸಿದರೆ ಬೆಂಕಿಗೂ ಮೈಗೂ ಅಂತರವೇ ಇರುವುದಿಲ್ಲ.

---

ನಕ್ಷೆಪೆನ್ಸಿಲ್:

ಹೌದು, ಇದು ಸರಿಯಾದ ಮಾತು. ಹಾಗಾದರೆ ಹೀಗೆ ಮಾಡಿ. ಒಲೆಯ ಎದುರು ನಾಲ್ಕೂವರೆ ಅಡಿ ಪೂರ್ತಿ ಬಿಟ್ಟುಬಿಡಿ, ಕಪಾಟು ಸಿಂಕ್ ಮತ್ತು ಫ್ರಿಜ್ ಎದುರಿಗೆ ಮಾತ್ರ. ಒಲೆಯನ್ನು ಹೊಗೆ ಕೊಳವೆಗೆ ಹತ್ತಿರ ಇಡಿ, ಅದು ಬಹುಶಃ ಬಾಗಿಲ ಕಡೆಯೇ ಇರುತ್ತದೆ. ಗ್ಯಾಸಿನ ಬದಲು ತಾನೇ ಆಫ್ ಆಗುವ ಇಂಡಕ್ಷನ್ ಹಾಕಿಸಿ. ಮುಖ್ಯ ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಕ್ಲೋಸರ್ ಕೊಟ್ಟಿರುತ್ತಾರೆ, ಸಾಮಾನು ತರುವಾಗ ಕಿರಿಕಿರಿ ಅಂತ ಅದನ್ನು ಕಿತ್ತು ಹಾಕಬೇಡಿ, ಕಾರಿಡಾರಿನ ಹೊಗೆ ಒಳಗೆ ಬರದಂತೆ ತಡೆಯುವುದು ಅದೇ.

ಕಪಾಟಿಗೆ ಹೊರಕ್ಕೆ ತೆರೆಯುವ ಬಾಗಿಲು ಬೇಡ, ಸರಿಯುವುದು ಹಾಕಿಸಿ. 3 ಅಡಿ ದಾರಿಯಲ್ಲಿ ಫ್ರಿಜ್ಜೂ ಕಪಾಟೂ ಎರಡೂ ತೆರೆದುಕೊಂಡರೆ ಒಬ್ಬರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಬಡಗಿಗೆ ಅಳತೆ ಕೊಡುವುದು ಪ್ಲಾಸ್ಟರ್, ಟೈಲ್ಸ್ ಆದ ಮೇಲೆ. ನಕ್ಷೆಯ 12 ಅಡಿ ಆ ಹೊತ್ತಿಗೆ ಒಂದೆರಡು ಇಂಚು ಕಮ್ಮಿಯಾಗಿರುತ್ತದೆ, ಅದರಲ್ಲೂ ಎರಡು ತುದಿಗೂ ಒಂದೇ ಇರುವುದಿಲ್ಲ. ಮೂರು ಕಡೆ ಟೇಪು ಹಿಡಿದು ಕಮ್ಮಿ ಬಂದದ್ದನ್ನು ಬರೆದುಕೊಳ್ಳಿ.